ಊರ ವರ್ತಮಾನವನ್ನು ಅಚ್ಚಿಗೇರಿಸಿದ ಮಹನೀಯ: ಹರ್ಮನ್ ಮೊಗ್ಲಿಂಗರು

ನಾಡಿಗೂ ನುಡಿಗೂ ಉಪಕಾರ ಮಾಡಿ ಕಾಲವಾದ ಹಿರಿಯರೊಬ್ಬರ ಜೀವನಚರಿತ್ರೆಯನ್ನು ವಾರ್ಷಿಕೋತ್ಸವದ ಸ್ಮರಣಸಂಚಿಕೆಯಲ್ಲಿ ವಾಚಕರ ಮುಂದಿಡುವುದು ಕನ್ನಡ ಸಂಘಗಳ ಹಳೆಯ ರೂಢಿ. ಆ ರೂಢಿಯನ್ನನುಸರಿಸಿ ಈ ಸಲ ನಾವು ಆರಿಸಿಕೊಂಡಿರುವ ಮಹನೀಯರು ನಮ್ಮ ನಾಡಿನಲ್ಲಿ ಹುಟ್ಟಿದವರಲ್ಲ. ನಮ್ಮ ಮತದವರೂ ಅಲ್ಲ. ಕನ್ನಡವು ಅವರ ತಾಯ್ನುಡಿಯೂ ಆಗಿರಲಿಲ್ಲ. ಆದರೂ ಕನ್ನಡದಲ್ಲಿ ಮೊತ್ತಮೊದಲು ಒಂದು ವರ್ತಮಾನಪತ್ರಿಕೆಯನ್ನು ಹೊರಡಿಸಿ, ಅದರಲ್ಲಿ ಊರಿನ ಸುದ್ದಿಗೆ ಮೊದಲ ಸ್ಥಾನವನ್ನು ಕೊಟ್ಟವರು ಅವರೇ. ಅವರು ಹರ್ಮನ್ ಮೊಗ್ಲಿಂಗರು. ಅವರ ಹೆಸರನ್ನು ವರ್ಷಕ್ಕೊಮ್ಮೆ, ಜುಲೈ ೧ರ ಪತ್ರಿಕಾದಿನದಂದು, ಸಭೆಗಳಲ್ಲಿ ನೆನೆಯುವುದುಂಟು. ಅವರು ಮಾಡಿದ ಕೆಲಸದ ಒಳತಿರುಳು ಏನೆಂಬುದನ್ನು ಮಾತ್ರ ನಾವು ಸಾಕಷ್ಟು ವಿಚಾರಿಸಿದವರಲ್ಲ. ಬೆಳ್ಳೂರು, ನೆಟ್ಟಣಿಗೆ, ಕಿನ್ನಿಂಗಾರುಗಳಂತಹ ಗಡಿಯ ಗ್ರಾಮಗಳಲ್ಲಿ ಬಾಳುವ ನಮಗೆ ಆ ವಿಚಾರವು ಬಹಳ ಹತ್ತಿರದ್ದಾಗಿದೆ.

ಮೊಗ್ಲಿಂಗರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ೧೮೧೧ನೆಯ ಇಸವಿಯಲ್ಲಿ ಜನಿಸಿದರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರವನ್ನು ಓದಿದರು. ಸ್ವದೇಶದಲ್ಲಿಯೇ ಒಂದು ಸಭೆಯ ಗುರುಗಳಾಗಿ ನೆಮ್ಮದಿಯಿಂದ ಬಾಳಬಹುದಾಗಿದ್ದ ಅವರು ಅದನ್ನು ಬಿಟ್ಟು, ಸ್ವಿಟ್ಸರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ಸಂಸ್ಥೆಯನ್ನು ಸೇರಿದರು. ಈಸ್ಟ್ ಇಂಡಿಯಾ ಕಂಪೆನಿಯ ೧೮೩೩ರ ಸನ್ನದಿನಿಂದ ಅನ್ಯದೇಶೀಯ ಪಾದ್ರಿಗಳಿಗೂ ಹಿಂದುಸ್ಥಾನದಲ್ಲಿ ನೆಲಸುವ ಅವಕಾಶ ದೊರಕಿದ್ದಿತು. ಮರುವರ್ಷವೇ ಬಾಸೆಲ್ ಮಿಶನಿನ ಮೊದಲ ಮೂವರು ಮಂಗಳೂರಿಗೆ ಬಂದು ಕೆಲಸವನ್ನಾರಂಭಿಸಿದ್ದರು. ಅವರನ್ನು ಕೂಡಿಕೊಳ್ಳಲೆಂದು ಮೊಗ್ಲಿಂಗರು ೧೮೩೬ರ ಕೊನೆಯಲ್ಲಿ ಮಂಗಳೂರಿಗೆ ಬಂದರು. ಆಗ ಅವರಿಗೆ ಇಪ್ಪತ್ತೈದು ವರ್ಷ ವಯಸ್ಸು.

ಆ ಕಾಲದ ಕನ್ನಡ ಜಿಲ್ಲೆಯು ಮದ್ರಾಸ್ ಆಧಿಪತ್ಯಕ್ಕೆ ಸೇರಿದ್ದು, ನಮ್ಮ ಈ ಸೀಮೆಯೂ ಅದರಲ್ಲಿಯೇ ಅಡಗಿದ್ದಿತು. ಮನೆಯಲ್ಲಿ ತುಳು, ಕೊಂಕಣಿ, ಮಲೆಯಾಳ, ಬ್ಯಾರಿ, ಮರಾಟಿ ಮೊದಲಾದ ನುಡಿಗಳನ್ನಾಡುತ್ತಿದ್ದ ಜನರೆಲ್ಲರಿಗೂ ಕಚೇರಿಯ ಮತ್ತು ಶಾಲೆಯ ಭಾಷೆಯಾಗಿ ಇದ್ದುದು ಕನ್ನಡವೇ. ಆದುದರಿಂದ ಮೊಗ್ಲಿಂಗರು ಬಂದೊಡನೆ ಕನ್ನಡವನ್ನು ಕಲಿಯಲು ತೊಡಗಿದರು. ಅವರು ಬಂದು ಕೆಲವೇ ತಿಂಗಳಾಗಿರುವಲ್ಲಿ, ೧೮೩೭ರ ಏಪ್ರಿಲ್ ತಿಂಗಳಲ್ಲಿ, ಸುಳ್ಯ ಸೀಮೆಯಿಂದೆದ್ದ ಬಂಡಾಯದ ದಂಡು ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಪುತ್ತೂರು ಬಂಟವಾಳಗಳ ಮಾರ್ಗವಾಗಿ ಮಂಗಳೂರಿಗೆ ಇಳಿಯಿತು. ಜನಸಾಮಾನ್ಯರು ಕಲ್ಯಾಣಪ್ಪನ ಕಾಟಕಾಯಿ ಎಂದು ಕರೆಯುತ್ತಿದ್ದ ಈ ಬಂಡಾಯವನ್ನು ಇಂದು ನಾವು ಅಮರಸುಳ್ಯದ ಸ್ವಾತಂತ್ರ್ಯ ಸಮರವೆಂದು ಗೌರವದಿಂದ ಸ್ಮರಿಸುತ್ತೇವೆ. ಅಂದಿನ ದಿನಗಳಲ್ಲಿ ಯಾವುದು ನಡೆಯಿತು, ಯಾವುದು ನಡೆಯಲಿಲ್ಲ, ದಂಡು ಎಲ್ಲಿಗೆ ಬಂದಿತು, ಯಾರು ಓಡಿದರು ಎಂಬುದನ್ನು ತಿಳಿಯಲು ಜನರಿಗೆ ಬಾಯಿಮಾತಿನ ಹೊರತು ಬೇರೆ ಸಾಧನವೇ ಇರಲಿಲ್ಲ. ಈ ಬಂಡಾಯದ ವೃತ್ತಾಂತವನ್ನು ಮುಂದೆ ಮೊಗ್ಲಿಂಗರೇ ತಮ್ಮ ಕೊಡಗಿನ ಚರಿತ್ರೆಯಲ್ಲಿ ಬರೆದಿರುವರು.

ಕನ್ನಡವನ್ನು ಕಲಿತ ಬಳಿಕ ಅವರು ಕೆಲವು ಕಾಲ ಧಾರವಾಡ ಹುಬ್ಬಳ್ಳಿಗಳ ಕಡೆಯಲ್ಲಿದ್ದರು. ಮತ್ತೆ ಮಂಗಳೂರಿಗೆ ಬಂದು ಬಲ್ಮಠದಲ್ಲಿ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಒಂದು ಪಾಠಶಾಲೆಯನ್ನು ನಡೆಯಿಸಿದರು. ಪಾಠ ಹೇಳುವವರಿಗೆ ಪುಸ್ತಕಗಳು ಬೇಕು. ಪುಸ್ತಕಗಳಿಗೆ ಮುದ್ರಣಾಲಯ ಬೇಕು. ಮೊಗ್ಲಿಂಗರ ಬಂಧುವೂ ಮಿತ್ರರೂ ಆಗಿದ್ದ ವೈಗಲ್ ಎಂಬವರು ಮುಂಬಯಿಗೆ ಹೋಗಿ ಒಂದು ಕಲ್ಲಚ್ಚಿನ ಯಂತ್ರವನ್ನೂ ಅದನ್ನು ನಡೆಯಿಸಬಲ್ಲ ಇಬ್ಬರು ಮರಾಟಿ ಕೆಲಸಗಾರರನ್ನೂ ಕರೆತಂದರು. ೧೮೪೧ರ ಸುಮಾರಿಗೆ ಹೀಗೆ ಬಾಸೆಲ್ ಮಿಶನ್ ಮುದ್ರಣಾಲಯವು ಹುಟ್ಟಿತು.

ಇಂದಿನ ಎಳೆಯರಿಗೆ ಕಲ್ಲಚ್ಚೆಂದರೇನೆಂಬುದು ತಿಳಿದಿರಲಾರದು. ಅದರಲ್ಲಿ ಬಿಡಿ ಅಕ್ಷರಗಳ ಮೊಳೆಗಳಿರುವುದಿಲ್ಲ. ಜಿಡ್ಡುಳ್ಳ ಶಾಯಿಯಿಂದ ಕಾಗದದ ಮೇಲೆ ಕೈಬರೆಹದಲ್ಲಿ ಪುಟವನ್ನು ಬರೆದು, ಅದನ್ನು ನುಣುಪಾಗಿ ಉಜ್ಜಿದ ಸುಣ್ಣಗಲ್ಲಿನ ಮೇಲೆ ಒತ್ತಿ ಮೂಡಿಸಬೇಕು. ಬಳಿಕ ಕಲ್ಲನ್ನು ನೀರಿನಿಂದ ಒದ್ದೆಮಾಡಿ ಮಸಿಯನ್ನು ಹಚ್ಚಿದರೆ, ಒದ್ದೆಯಾದ ಕಡೆಯಲ್ಲಿ ಮಸಿ ನಿಲ್ಲದೆ ಜಿಡ್ಡಿನ ಅಕ್ಷರಗಳ ಮೇಲೆ ಮಾತ್ರ ನಿಲ್ಲುತ್ತದೆ. ಅನಂತರ ಒಂದೊಂದೇ ಹಾಳೆಯನ್ನು ಅದರ ಮೇಲಿರಿಸಿ ಒತ್ತಬೇಕು. ಹೊಸ ಪುಟವನ್ನು ಮೂಡಿಸಬೇಕಾದರೆ ಕಲ್ಲನ್ನು ಮತ್ತೆ ಉಜ್ಜಿ ಹಳೆಯ ಅಕ್ಷರಗಳನ್ನು ಅಳಿಸಬೇಕು. ಮೊಳೆಯ ಅಚ್ಚು ಮಂಗಳೂರಿಗೆ ಬಂದುದು ೧೮೫೦ರ ಬಳಿಕ. ಮೊದಲ ಕನ್ನಡ ಪತ್ರಿಕೆಯು ಈ ಶ್ರಮದಿಂದ, ಯಾರದೋ ಕೈಬರೆಹದ ರೂಪದಲ್ಲಿಯೇ, ಹೊರಬಿದ್ದಿತೆಂಬುದನ್ನು ನಾವು ಮರೆಯಬಾರದು.

ಆ ಪತ್ರಿಕೆಯೇ ಮಂಗಳೂರ ಸಮಾಚಾರ. ಅದರ ಮೊದಲ ಸಂಚಿಕೆಯು ೧೮೪೩ನೆಯ ಜುಲೈ ೧ರಂದು ಪ್ರಕಟವಾಯಿತು. ಹದಿನೈದು ದಿನಗಳಿಗೊಮ್ಮೆ ನಾಲ್ಕು ಪುಟ. ಬೆಲೆ ಒಂದು ದುಡ್ಡು. ಕಲ್ಕತ್ತೆಯಲ್ಲಿ ೧೭೮೦ರಲ್ಲಿಯೇ ಇಂಗ್ಲಿಷ್ ಪತ್ರಿಕೆ ಹುಟ್ಟಿದ್ದಿತು. ೧೮೧೮ರಲ್ಲಿ ಬಂಗಾಳಿಯ ಸಮಾಚಾರ ದರ್ಪಣವೂ, ೧೮೨೨ರಲ್ಲಿ ಗುಜರಾತಿಯ ಮುಂಬಯಿ ಸಮಾಚಾರವೂ, ೧೮೩೨ರಲ್ಲಿ ಮರಾಟಿಯ ದರ್ಪಣವೂ ಪ್ರಾರಂಭವಾಗಿದ್ದುವು. ಇವೆಲ್ಲವೂ ಮಹಾನಗರಗಳ ಅಥವಾ ಅವುಗಳ ನೆರೆಹೊರೆಯ ಪತ್ರಿಕೆಗಳು. ಕನ್ನಡದ ಮೊದಲ ಪತ್ರಿಕೆಯಾದರೋ ರಾಜಧಾನಿಯಿಂದ ದೂರವಾದ ಒಂದು ಕರಾವಳಿಯ ಊರಿನ ಹೆಸರನ್ನೇ ತನ್ನ ಹಣೆಯ ಮೇಲೆ ಧರಿಸಿಕೊಂಡು ಹುಟ್ಟಿತು.

ಪತ್ರಿಕೆಯನ್ನು ಹೊರಡಿಸುವ ಉದ್ದೇಶವನ್ನು ಮೊಗ್ಲಿಂಗರು ಆ ಮೊದಲ ಸಂಚಿಕೆಯಲ್ಲಿ ತಿಳಿಸಿರುವ ಬಗೆಯು ಗಮನಾರ್ಹವಾಗಿದೆ. ಈ ಊರಿನವರಿಗೆ ಸುದ್ದಿಯೆಂದರೆ ಬಹಳ ಆಸೆ. ಮುಂಜಾನೆ ಬಂದರದಲ್ಲಿಯೋ ಕಚೇರಿಯ ಬಳಿಯಲ್ಲಿಯೋ ಯಾವನೊಬ್ಬನು ಒಂದು ಸುದ್ದಿಯನ್ನು ಹುಟ್ಟಿಸಿದರೆ ಸಾಯಂಕಾಲದೊಳಗೆ ಅದು ಊರೆಲ್ಲ ಹಬ್ಬಿಬಿಡುತ್ತದೆ. ಮಾರನೆಯ ದಿನ ಅದು ಸುಳ್ಳೆಂದು ಕಂಡುಬಂದರೆ ಜನರು ಅದನ್ನು ಬಿಟ್ಟು ಇನ್ನೊಂದಕ್ಕೆ ಕಿವಿಗೊಡುತ್ತಾರೆ. ಹೀಗೆ ಕಾಲವು ವ್ಯರ್ಥವಾಗುವುದಲ್ಲದೆ ನಿಜಸಂಗತಿಯು ಯಾರಿಗೂ ತಿಳಿಯುವುದಿಲ್ಲ ಎಂಬುದು ಅವರ ಅಭಿಪ್ರಾಯದ ಸಾರ. ಸುದ್ದಿಯ ಹಸಿವನ್ನು ಅವರು ಹಳಿಯಲಿಲ್ಲ. ಆ ಹಸಿವಿಗೆ ನಿಜವಾದ ಅನ್ನವನ್ನು ಬಡಿಸಬೇಕೆಂದರು. ಏಳು ವರ್ಷಗಳ ಕಾಲ ಬಂದರದಲ್ಲಿ, ಬೀದಿಯಲ್ಲಿ, ಪಾಠಶಾಲೆಯಲ್ಲಿ ಜನರೊಡನೆ ಬೆರೆತವರಿಗಲ್ಲದೆ ಈ ವಿಚಾರವು ಹೊಳೆಯುವಂತಹುದಲ್ಲ.

ಪತ್ರಿಕೆಯ ವಿಷಯಗಳನ್ನು ಅವರು ವಿಂಗಡಿಸಿದ ಕ್ರಮದಲ್ಲಿಯೂ ಇದೇ ವಿವೇಕವು ಕಾಣುತ್ತದೆ. ಮೊದಲನೆಯದು ಊರ ವರ್ತಮಾನ. ಅದರ ಬಳಿಕ ಸರಕಾರದ ನಿರೂಪಗಳು. ಆಮೇಲೆ ಇತರ ರಾಜ್ಯಗಳ ವರ್ತಮಾನಗಳು. ಇವುಗಳೊಡನೆ ಸುಬುದ್ಧಿಯ ಮಾತುಗಳು, ಹಾಡುಗಳು, ಕಥೆಗಳು ಮುಂತಾದುವು. ಕಂಪೆನಿ ಸರಕಾರವು ಏನನ್ನು ಆಜ್ಞಾಪಿಸಿದೆಯೆಂಬುದನ್ನು ಅಲ್ಲಿಯವರೆಗೆ ರೈತನು ಶ್ಯಾನುಭೋಗನ ಬಾಯಿಂದಲೋ ಕಚೇರಿಯ ಜವಾನನ ಬಾಯಿಂದಲೋ ಕೇಳಬೇಕಾಗಿದ್ದಿತು. ಈಗ ಒಂದು ದುಡ್ಡು ಕೊಟ್ಟರೆ ಅದನ್ನು ತಾನೇ ಓದಬಹುದಾಯಿತು. ಓದಲು ಬಾರದವನು ಓದಬಲ್ಲವನಿಂದ ಕೇಳಬಹುದಾಯಿತು. ಆಜ್ಞೆಯು ಏನೆಂದು ತಿಳಿದವನನ್ನು ಮೋಸಗೊಳಿಸುವುದು ಸುಲಭವಲ್ಲ.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಗತಿಯುಂಟು. ಪತ್ರಿಕೆಗೆ ಬರೆಯುವ ಹಕ್ಕನ್ನು ಮೊಗ್ಲಿಂಗರು ತಮ್ಮ ಕೈಯಲ್ಲಿಯೇ ಮುಚ್ಚಿಟ್ಟುಕೊಳ್ಳಲಿಲ್ಲ. ಓದುಗರ ಪತ್ರಗಳಿಗೆ ಅದರಲ್ಲಿ ಎಡೆಯಿದ್ದಿತು. ಸಂಗತಿಯನ್ನು ಕಂಡವನೇ ಅದನ್ನು ಬರೆದು ಕಳುಹಿಸುವ, ಪತ್ರಿಕೆಯು ಅದನ್ನು ಜನರಿಗೆ ಮುಟ್ಟಿಸುವ ಪದ್ಧತಿಗೆ ಕನ್ನಡದಲ್ಲಿ ಬೀಜ ಬಿದ್ದುದು ಅಲ್ಲಿ. ಇಂದಿನ ಕಾಲದಲ್ಲಿ ಸಾಮಾನ್ಯ ಪ್ರಜೆಯೇ ವರದಿಗಾರನಾಗುವ ವಿಷಯವನ್ನು ಹೊಸದೊಂದು ಶೋಧವೆಂಬಂತೆ ಕೆಲವರು ಹೇಳುತ್ತಿರುವರು. ನಮ್ಮ ಭಾಷೆಯ ಮೊದಲ ಪತ್ರಿಕೆಯಲ್ಲಿಯೇ ಅದಕ್ಕೆ ಬಾಗಿಲು ತೆರೆದಿದ್ದಿತೆಂಬುದನ್ನು ಅವರು ತಿಳಿಯಬೇಕು.

ಭಾಷೆಯ ದೃಷ್ಟಿಯಿಂದಲೂ ಈ ಪತ್ರಿಕೆಯ ಉಪಕಾರವು ಸಣ್ಣದಲ್ಲ. ಅಂದು ಕನ್ನಡದಲ್ಲಿ ಬರೆಹವೆಂದರೆ ಬಹುಮಟ್ಟಿಗೆ ಪದ್ಯವೇ. ಕೆಂಪುನಾರಾಯಣನ ಮುದ್ರಾಮಂಜೂಷವು ೧೮೨೩ರಲ್ಲಿ ರಚಿತವಾಗಿ ಗದ್ಯಕ್ಕೆ ಹೊಸ ದಾರಿಯನ್ನು ತೋರಿಸಿದ್ದರೂ ಅದು ಪಂಡಿತರ ಮನ್ನಣೆಯ ಗ್ರಂಥವಾಗಿದ್ದಿತು. ಹಡಗು ಬಂದುದನ್ನು, ಅಧಿಕಾರಿ ಬದಲಾದುದನ್ನು, ದೂರದೇಶದ ಯುದ್ಧವನ್ನು ಆಡುಮಾತಿಗೆ ಹತ್ತಿರವಾದ ಕನ್ನಡದಲ್ಲಿ ಬರೆಯಬಹುದೆಂಬುದನ್ನು ಮಂಗಳೂರ ಸಮಾಚಾರವು ತೋರಿಸಿಕೊಟ್ಟಿತು. ಪರದೇಶದವರೊಬ್ಬರು ನಮ್ಮ ಬೀದಿಯ ಮಾತನ್ನು ಅಚ್ಚಿಗೆ ಯೋಗ್ಯವೆಂದು ಎಣಿಸಿದರು.

ಪತ್ರಿಕೆಗೆ ಮಂಗಳೂರಿನ ಹೊರಗೂ ಓದುಗರು ದೊರೆತರು. ಅಂದಿನ ಅಂಚೆಗೆ ಈಗಿನಂತೆ ಚೀಟಿಯಿರಲಿಲ್ಲ. ದೂರ ಹೆಚ್ಚಿದಷ್ಟೂ ವೆಚ್ಚ ಹೆಚ್ಚುತ್ತಿದ್ದಿತು. ಎಲ್ಲ ಊರುಗಳಿಗೂ ಒಂದೇ ದರವಾದುದು ೧೮೫೪ರಲ್ಲಿ. ಆದರೂ ಘಟ್ಟದ ಮೇಲಣ ಪ್ರಾಂತಗಳಿಂದ ಬೇಡಿಕೆ ಬಂದುದರಿಂದಲೂ, ಕಲ್ಲಚ್ಚಿನಲ್ಲಿ ಹೆಚ್ಚು ಪ್ರತಿಗಳನ್ನು ಒತ್ತುವುದು ಕಷ್ಟವಾದುದರಿಂದಲೂ, ೧೮೪೪ರಲ್ಲಿ ಪತ್ರಿಕೆಯ ಮುದ್ರಣವನ್ನು ಮೊಳೆಯಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ಸಾಗಿಸಲಾಯಿತು. ಆಗ ಅದರ ಹೆಸರು ಕನ್ನಡ ಸಮಾಚಾರವೆಂದು ಬದಲಾಯಿತು. ಮಂಗಳೂರಿನಲ್ಲಿ ಅದು ನಡೆದುದು ಒಂದು ವರ್ಷಕ್ಕಿಂತಲೂ ಕಡಮೆ ಕಾಲ. ಆದರೆ ಒಂದು ಊರಿನ ಹೆಸರಿನಿಂದ ಹುಟ್ಟಿ ಒಂದು ಭಾಷೆಯ ಹೆಸರಿಗೆ ಅದು ಬೆಳೆಯಿತು. ಕನ್ನಡವನ್ನಾಡುವವರು ಮೈಸೂರು ಸಂಸ್ಥಾನ, ಮುಂಬಯಿ ಮತ್ತು ಮದ್ರಾಸ್ ಆಧಿಪತ್ಯಗಳು, ನಿಜಾಮರ ಸೀಮೆ ಎಂದು ಹಂಚಿಹೋಗಿದ್ದ ಆ ದಿನಗಳಲ್ಲಿ ಅವರೆಲ್ಲರಿಗೂ ಸಲ್ಲುವ ಒಂದು ಪತ್ರಿಕೆಯನ್ನು ಕಲ್ಪಿಸುವುದು ಏಕೀಕರಣಕ್ಕಿಂತ ನೂರಾ ಹನ್ನೆರಡು ವರ್ಷಗಳ ಹಿಂದಿನ ಮಾತು.

ಮೊಗ್ಲಿಂಗರ ಚರಿತ್ರೆಯಲ್ಲಿ ನಮ್ಮವರಿಗೆ ನೋವನ್ನುಂಟುಮಾಡಿದ ಭಾಗವೂ ಇದೆ. ಅದನ್ನು ಮರೆಮಾಚುವುದು ಸರಿಯಲ್ಲ. ಅವರು ಬಂದುದು ಮತಪ್ರಚಾರಕ್ಕಾಗಿ. ೧೮೪೪ರ ಜನವರಿ ತಿಂಗಳಲ್ಲಿ ಆನಂದರಾವ್ ಕೌಂಡಿನ್ಯರೆಂಬ ಸಾರಸ್ವತ ತರುಣರು ಅವರಿಂದ ಪ್ರಭಾವಿತರಾಗಿ ಕ್ರೈಸ್ತಮತವನ್ನು ಸ್ವೀಕರಿಸಿದಾಗ ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಗುರುವಿನ ಹೆಸರನ್ನೂ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯರೆನಿಸಿಕೊಂಡ ಆ ತರುಣರು ಬಾಸೆಲಿನಲ್ಲಿ ವ್ಯಾಸಂಗ ಮಾಡಿ ೧೮೫೧ರಲ್ಲಿ ಪಾದ್ರಿಗಳಾಗಿ ಮರಳಿದರು. ಮನೆಯ ಮಗನನ್ನು ಕಳೆದುಕೊಂಡೆವೆಂದು ಭಾವಿಸಿದವರ ದುಃಖವು ಸುಳ್ಳಲ್ಲ. ತನ್ನ ಮನಸ್ಸಿಗೆ ಒಪ್ಪಿದ ದಾರಿಯನ್ನು ಹಿಡಿದ ತರುಣನ ಧೈರ್ಯವೂ ಸುಳ್ಳಲ್ಲ. ಮೊಗ್ಲಿಂಗರು ನಮ್ಮ ಆಚಾರವಿಚಾರಗಳನ್ನು ತಮ್ಮ ಮತದ ಅಳತೆಗೋಲಿನಿಂದಲೇ ಅಳೆದವರು. ಅವರ ಪತ್ರಿಕೆಯನ್ನು ನಾವು ಕೊಂಡಾಡುವಾಗ ಈ ಸಂಗತಿಯನ್ನೂ ಜೊತೆಯಲ್ಲಿರಿಸಿಕೊಂಡೇ ಕೊಂಡಾಡಬೇಕು.

ಅದೇ ಮೊಗ್ಲಿಂಗರು ೧೮೪೮ರಿಂದ ಮುಂದಣ ಕೆಲವು ವರ್ಷಗಳಲ್ಲಿ ಮಾಡಿದ ಸಾಹಿತ್ಯಸೇವೆಯನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಕ್ಯಾಸಮೇಜರ್ ಎಂಬ ನಿವೃತ್ತ ಅಧಿಕಾರಿಯ ಧನಸಹಾಯದಿಂದ ಅವರು ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಗ್ರಂಥಮಾಲೆಯನ್ನು ಪ್ರಾರಂಭಿಸಿ, ತಾಳೆಗರಿಯಲ್ಲಿದ್ದ ಪ್ರಾಚೀನ ಕನ್ನಡ ಕೃತಿಗಳನ್ನು ಕಲ್ಲಚ್ಚಿನಲ್ಲಿ ಹೊರತಂದರು. ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಆ ಮಾಲೆಯಲ್ಲಿ ಬೆಳಕು ಕಂಡುವು. ಕನ್ನಡದ ಗಾದೆಗಳನ್ನೂ ಅವರು ಸಂಗ್ರಹಿಸಿ ಅಚ್ಚು ಹಾಕಿಸಿದರು. ತಮ್ಮದಲ್ಲದ ಮತಗಳ ಭಕ್ತಿಗ್ರಂಥಗಳನ್ನು ಪಾದ್ರಿಯೊಬ್ಬರು ಶ್ರದ್ಧೆಯಿಂದ ಮುದ್ರಿಸಿದುದಕ್ಕೆ ಭಾಷೆಯ ಮೇಲಣ ಪ್ರೀತಿಯೂ ಜನರನ್ನು ಅರಿಯುವ ಹಂಬಲವೂ ಕಾರಣವೆಂದು ನಾವು ತಿಳಿಯುತ್ತೇವೆ.

೧೮೫೩ರ ಹೊತ್ತಿಗೆ ಅವರು ಕೊಡಗಿಗೆ ಹೋಗಿ ಅಲ್ಲಿ ನೆಲಸಿದರು. ಕೊಡಗಿನ ಜನಜೀವನವನ್ನೂ ಚರಿತ್ರೆಯನ್ನೂ ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಗ್ರಂಥವು ೧೮೫೫ರಲ್ಲಿ ಬೆಂಗಳೂರಿನಲ್ಲಿ ಪ್ರಕಟವಾಯಿತು. ಅದೇ ವರ್ಷದಲ್ಲಿ ಕಲ್ಲಚ್ಚಿನ ಯಂತ್ರವನ್ನು ತಂದಿದ್ದ ವೈಗಲರು ತೀರಿಕೊಂಡರು. ಮುಂದೆ ಅವರ ವಿಧವೆ ಪೌಲೀನರನ್ನು ಮೊಗ್ಲಿಂಗರು ವಿವಾಹವಾಗಿ ತಂದೆಯಿಲ್ಲದ ಆ ಸಂಸಾರದ ಭಾರವನ್ನು ಹೊತ್ತರು. ೧೮೫೮ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರ ಕನ್ನಡ ಸೇವೆಯನ್ನು ಮನ್ನಿಸಿ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಪತ್ನಿಯ ಅನಾರೋಗ್ಯದ ನಿಮಿತ್ತ ೧೮೬೦ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಮತ್ತೆ ಈ ನಾಡನ್ನು ಕಾಣಲಿಲ್ಲ. ೧೮೮೧ರಲ್ಲಿ ಎಸ್ಲಿಂಗೆನ್ ಎಂಬಲ್ಲಿ ಅವರು ದೈವಾಧೀನರಾದರು.

ಅವರ ಚರಿತ್ರೆಯನ್ನು ಬರೆದವರು ಯಾರೆಂಬುದು ಗಡಿನಾಡಿನ ನಮಗೆ ವಿಶೇಷ ಅರ್ಥವುಳ್ಳ ಸಂಗತಿ. ಮೊಗ್ಲಿಂಗರ ಆಪ್ತಮಿತ್ರರೂ, ಟ್ಯೂಬಿಂಗೆನ್‌ನಲ್ಲಿಯೇ ಓದಿದವರೂ, ಅದೇ ಮಿಶನಿನವರೂ ಆದ ಹರ್ಮನ್ ಗುಂಡರ್ಟರು ತಲಚೇರಿಯಲ್ಲಿದ್ದುಕೊಂಡು ಮಲೆಯಾಳದ ಸೇವೆ ಮಾಡಿದವರು. ಮಲೆಯಾಳದ ಮೊದಲ ಪತ್ರಿಕೆಯಾದ ರಾಜ್ಯಸಮಾಚಾರವನ್ನು ೧೮೪೭ರ ಜೂನ್ ತಿಂಗಳಲ್ಲಿ ಇಲ್ಲಿಕುನ್ನಿನಿಂದ ಹೊರಡಿಸಿದವರು ಅವರೇ, ಅದೂ ಕಲ್ಲಚ್ಚಿನದೇ. ೧೮೮೨ರಲ್ಲಿ ಮೊಗ್ಲಿಂಗರ ಜೀವನಚರಿತ್ರೆಯನ್ನು ಜರ್ಮನ್ ಭಾಷೆಯಲ್ಲಿ ಬರೆದು ಪ್ರಕಟಿಸಿದವರೂ ಈ ಗುಂಡರ್ಟರೇ. ಕನ್ನಡದ ಮೊದಲ ಪತ್ರಿಕೆಯವರ ಚರಿತ್ರೆಗೆ ಮಲೆಯಾಳದ ಮೊದಲ ಪತ್ರಿಕೆಯವರು ಲೇಖಕರಾದರು. ಮಂಗಳೂರಿಗೂ ತಲಚೇರಿಗೂ ನಡುವೆ ಇರುವ ಕಾಸರಗೋಡಿನಲ್ಲಿ ಈ ಎರಡು ಭಾಷೆಗಳೂ ಒಂದನ್ನೊಂದು ಸಂಧಿಸುತ್ತವೆ. ೧೯೫೬ರ ನವೆಂಬರ್ ೧ರಂದು ಈ ತಾಲೂಕು ಕೇರಳಕ್ಕೆ ಸೇರಿದ ಬಳಿಕ ನಮ್ಮ ಭಾಷೆಯ ಹಕ್ಕಿಗಾಗಿ ನಾವು ಹೋರಾಡಬೇಕಾಗಿ ಬಂದಿದೆ, ಹೋರಾಟವು ನ್ಯಾಯವಾದುದೇ. ಆದರೆ ಅದು ನೆರೆಯ ಭಾಷೆಯ ಮೇಲಣ ದ್ವೇಷವಾಗಬೇಕಿಲ್ಲವೆಂಬುದಕ್ಕೆ ಈ ಇಬ್ಬರ ಸ್ನೇಹವು ಒಳ್ಳೆಯ ಸಾಕ್ಷಿ.

ಮೊಗ್ಲಿಂಗರು ಹಾಕಿದ ದಾರಿಯಲ್ಲಿ ನಮ್ಮ ಸೀಮೆಯಿಂದ ಮುಂದೆ ಅನೇಕರು ನಡೆದರು. ಗಡಿಯ ಪೆರುವಾಯಿಯವರಾದ ಕಡೆಂಗೋಡ್ಲು ಶಂಕರಭಟ್ಟರು ರಾಷ್ಟ್ರಬಂಧು ಪತ್ರಿಕೆಯನ್ನು ನಡೆಯಿಸಿದರು. ಕಯ್ಯಾರ ಕಿಞ್ಞಣ್ಣ ರೈಗಳು ಪತ್ರಕರ್ತರಾಗಿಯೂ ಕನ್ನಡದ ಹೋರಾಟಗಾರರಾಗಿಯೂ ದುಡಿದರು. ೧೯೮೮ರಲ್ಲಿ ಪುತ್ತೂರಿನಿಂದ ಹೊರಟ ಅಡಿಕೆ ಪತ್ರಿಕೆಯಂತೂ ಕೃಷಿಕನಿಗಾಗಿ ಇತರರು ಬರೆಯುವ ಕ್ರಮವನ್ನು ಬಿಟ್ಟು, ಕೃಷಿಕನೇ ತನ್ನ ಅನುಭವವನ್ನು ಬರೆಯುವ ಕ್ರಮವನ್ನು ರೂಢಿಗೆ ತಂದಿತು.

ಊರ ವರ್ತಮಾನವನ್ನು ಊರಿನವರೇ ಬರೆಯಬೇಕಾದ ಅಗತ್ಯವೇನೆಂಬುದಕ್ಕೆ ನಾವು ದೂರ ಹೋಗಿ ನಿದರ್ಶನವನ್ನು ಹುಡುಕಬೇಕಾಗಿಲ್ಲ. ನಮ್ಮ ಗುಡ್ಡಗಳ ಗೇರುತೋಟಗಳ ಮೇಲೆ ೧೯೭೦ರ ದಶಕದ ಕೊನೆಯಿಂದ ೨೦೦೦ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಗುತ್ತಿದ್ದಿತು. ಅದರ ಬಾಧೆಗೆ ಸಿಕ್ಕಿದುವೆಂದು ಗುರುತಿಸಲಾದ ಹನ್ನೊಂದು ಪಂಚಾಯತುಗಳಲ್ಲಿ ಬೆಳ್ಳೂರೂ ಒಂದು. ಎಣ್ಮಕಜೆ, ಕುಂಬಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರುಗಳೂ ಆ ಪಟ್ಟಿಯಲ್ಲಿವೆ. ಅಂಗವಿಕಲವಾಗಿ ಹುಟ್ಟುವ ಕರುಗಳನ್ನೂ, ಬಳಿಕ ಮಕ್ಕಳನ್ನೂ ಕಂಡವರು ಇಲ್ಲಿಯ ಜನರು. ಅದನ್ನು ಮೊದಲು ಬರೆದು ಹೊರಜಗತ್ತಿಗೆ ತಿಳಿಸಿದವರೂ ಇಲ್ಲಿಯವರೇ: ಎಣ್ಮಕಜೆಯ ಪಡ್ರೆಯಲ್ಲಿ ವಾಸವಾಗಿರುವ ಪತ್ರಕರ್ತ ಶ್ರೀಪಡ್ರೆಯವರು, ಅಲ್ಲಿಯೇ ವೈದ್ಯವೃತ್ತಿಯಲ್ಲಿದ್ದುಕೊಂಡು ರೋಗಿಗಳ ವಿವರವನ್ನು ಬರೆದಿಟ್ಟು ಪತ್ರ ಬರೆದ ಡಾಕ್ಟರ್ ವೈ. ಎಸ್. ಮೋಹನಕುಮಾರರು. ಮೊದಮೊದಲು ಅವರ ಮಾತನ್ನು ಬಾಯಿಮಾತೆಂದು ತಳ್ಳಿಹಾಕಿದವರು ಕಡಮೆಯಿರಲಿಲ್ಲ. ಆದರೆ ಬರೆದುದು ಉಳಿಯಿತು. ಹೆಸರು, ಮನೆ, ವರ್ಷ ಸಹಿತವಾಗಿ ದಾಖಲೆಯಾದುದನ್ನು ಬಾಯಿಮಾತೆಂದು ಹೇಳುವುದು ಕಷ್ಟವಾಯಿತು. ೨೦೧೧ರ ಮೇ ತಿಂಗಳಲ್ಲಿ ಸುಪ್ರೀಮ್ ಕೋರ್ಟು ದೇಶದಲ್ಲೆಲ್ಲ ಆ ವಿಷದ ಉತ್ಪಾದನೆ ಮಾರಾಟಗಳನ್ನು ತಡೆಯಿತು. ೨೦೧೭ರ ಜನವರಿಯಲ್ಲಿ ಬಾಧಿತರಿಗೆ ತಲಾ ಐದು ಲಕ್ಷ ರೂಪಾಯಿಗಳ ಪರಿಹಾರವನ್ನು ಕೊಡಬೇಕೆಂದು ಆಜ್ಞಾಪಿಸಿತು.

ಈ ದೀರ್ಘ ಹೋರಾಟಕ್ಕೂ ೧೮೪೩ರ ನಾಲ್ಕು ಪುಟದ ಪತ್ರಿಕೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆಯೆಂದೇ ನಮ್ಮ ನಂಬಿಕೆ. ರಾಜಧಾನಿಯಿಂದ ದೂರವಾದ ಊರಿನಲ್ಲಿ ನಡೆದುದನ್ನು ಯಾರೂ ಬರೆಯದಿದ್ದರೆ ಅದು ನಡೆದೇ ಇಲ್ಲವೆಂದು ಸರಕಾರವು ಎಣಿಸುತ್ತದೆ. ವಿಚಾರಿಸದೆ ಬರೆದರೆ ನಿಜವಾದ ದುಃಖವೂ ಸುಳ್ಳಿನ ಜೊತೆಯಲ್ಲಿ ಕೊಚ್ಚಿಹೋಗುತ್ತದೆ. ಬಂದರದಲ್ಲಿ ಮುಂಜಾನೆ ಹುಟ್ಟಿದ ಸುದ್ದಿಯು ಸಾಯಂಕಾಲದೊಳಗೆ ಊರನ್ನು ತುಂಬುತ್ತಿದ್ದುದು ಮೊಗ್ಲಿಂಗರ ಕಾಲದಲ್ಲಿ. ಇಂದು ಕೈಯಲ್ಲಿರುವ ಫೋನಿನಿಂದ ಅದಕ್ಕೆ ಒಂದು ಗಳಿಗೆಯೂ ಬೇಕಾಗಿಲ್ಲ. ಗಡಿಯ ಆಚೆಗೂ ಈಚೆಗೂ ಹಂಚಿಹೋಗಿರುವ ನೆಟ್ಟಣಿಗೆಯಂತಹ ಹೆಸರುಳ್ಳ ಸೀಮೆಯಲ್ಲಿ, ಎರಡು ರಾಜ್ಯಗಳ, ಹಲವು ನುಡಿಗಳ ನಡುವೆ, ಒಂದು ಸುಳ್ಳು ಸುದ್ದಿಯು ಮಾಡಬಲ್ಲ ಕೇಡು ಎಷ್ಟೆಂಬುದನ್ನು ನಾವು ಹೇಳಬೇಕಾಗಿಲ್ಲ.

ಮಂಗಳೂರ ಸಮಾಚಾರದ ಪ್ರತಿಗಳು ಜರ್ಮನಿಯ ಗ್ರಂಥಭಂಡಾರದಲ್ಲಿ ಜೋಪಾನವಾಗಿ ಉಳಿದಿದ್ದುದರಿಂದಲೇ, ಶ್ರೀನಿವಾಸ ಹಾವನೂರರಂತಹ ವಿದ್ವಾಂಸರ ಪರಿಶ್ರಮದಿಂದ, ಅದರ ಪರಿಚಯವು ನಮಗಾಯಿತು. ನಮ್ಮ ಊರುಗಳ ಕೈಬರೆಹದ ಪತ್ರಿಕೆಗಳು, ಸಂಘದ ವರದಿಗಳು, ಅರ್ಜಿಗಳ ಪ್ರತಿಗಳು, ಇಂತಹ ಸ್ಮರಣಸಂಚಿಕೆಗಳು ಹೀಗೆ ಉಳಿದಾವೇ? ಕನ್ನಡ ಶಾಲೆಯಲ್ಲಿ ಕಲಿಯುವ ಮಕ್ಕಳು ತಮ್ಮ ಊರಿನ ಮಾರ್ಗ, ತೋಡು, ಆಸ್ಪತ್ರೆ, ಪಂಚಾಯತಿನ ಸಭೆ ಇವುಗಳನ್ನು ಕುರಿತು ಕಂಡುದನ್ನು ಕಂಡಂತೆ ನಾಲ್ಕು ಸಾಲು ಬರೆಯಲು ಕಲಿಯಲಿ; ಹಿರಿಯರು ಅದನ್ನು ತಿದ್ದಿ ಅಚ್ಚಿಗೆ ಕಳುಹಿಸಲಿ; ಸಂಘವು ಅದನ್ನು ಕಾದಿರಿಸಲಿ. ದೂರದೇಶದಿಂದ ಬಂದವರೊಬ್ಬರು ನಮ್ಮ ಊರ ವರ್ತಮಾನವನ್ನು ಅಚ್ಚಿಗೆ ಯೋಗ್ಯವೆಂದು ಬಗೆದ ಮೇಲೆ, ನಾವೇ ಅದನ್ನು ಅಯೋಗ್ಯವೆಂದು ಬಗೆಯುವುದು ತರವಲ್ಲ. ಹರ್ಮನ್ ಮೊಗ್ಲಿಂಗರ ಸ್ಮರಣೆಗೆ ಗಡಿನಾಡಿನ ಕನ್ನಡಿಗರು ಸಲ್ಲಿಸಬಹುದಾದ ಕಾಣಿಕೆಯ ರೂಪವು ಇದೇ ಎಂದು ವಿನಯಪೂರ್ವಕವಾಗಿ ಅರಿಕೆಮಾಡಿಕೊಳ್ಳುತ್ತೇವೆ.